ಬೀಟಾ ಗ್ಲೋಬಿನ್ ಆರ್‌ಎನ್‌ಎ ಪಕ್ವವಾಗುವ ಬಗೆ: ಪೆನ್ಸಿಲ್ ಹಿಡಿದು ಒಂದೊಂದೇ ಹೆಜ್ಜೆ

ಡಿಎನ್‌ಎಯಿಂದ ನಕಲಾಗಿ ಬಂದ ಆರ್‌ಎನ್‌ಎ ಇದ್ದ ಹಾಗೇ ಪ್ರೋಟೀನ್ ಆಗುವುದಿಲ್ಲ. ಅದರ ತಲೆಗೆ ಒಂದು ಟೊಪ್ಪಿ ಕೂರಬೇಕು, ನಡುವಿನ ಬೇಡದ ತುಂಡುಗಳು ಹೋಗಬೇಕು, ಹಿಂದೆ ಬಾಲ ಬೆಳೆಯಬೇಕು, ಆಮೇಲೆ ಅದು ಕೋಶಕೇಂದ್ರದಿಂದ ಹೊರಗೆ ಬರಬೇಕು. ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದು ಚಿತ್ರ, ನಾಲ್ಕು ಸಾಲು. ಆದರೆ ಕೈಯಾರೆ ಒಂದು ಜೀನಿನ ಅಕ್ಷರಗಳನ್ನು ಬರೆದುಕೊಂಡು, ಜೀವಕೋಶ ಮಾಡುವ ಕೆಲಸವನ್ನು ನಾವೇ ಕಾಗದದ ಮೇಲೆ ಮಾಡಿ ನೋಡುವವರೆಗೆ ಈ ವಿಷಯ ತಲೆಯಲ್ಲಿ ನಿಲ್ಲುವುದಿಲ್ಲ.

ಇಲ್ಲಿ ಮಾಡುವುದು ಅದನ್ನೇ. ಆರಿಸಿಕೊಂಡ ಜೀನು ಮನುಷ್ಯನ ಬೀಟಾ ಗ್ಲೋಬಿನ್, ಅಂದರೆ ಹಿಮೋಗ್ಲೋಬಿನ್ನಿನ ಅರ್ಧ ಭಾಗಕ್ಕೆ ಸೂಚನೆ ಕೊಡುವ ಜೀನು. ಕಾರಣ ಎರಡು. ಇದು ಪುಟ್ಟದು, ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಎರಡನೆಯದು, ಇದರ ಆರ್‌ಎನ್‌ಎ ಸಂಸ್ಕರಣೆ ಕೆಟ್ಟರೆ ಬರುವ ಬೀಟಾ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತಹೀನತೆ ನಮ್ಮ ದೇಶದಲ್ಲಿ ಅಪರೂಪವಲ್ಲ. ಭಾರತದಲ್ಲಿ ಅತಿ ಹೆಚ್ಚಾಗಿ ಕಾಣುವ ಬೀಟಾ ಥಲಸ್ಸೀಮಿಯಾ ದೋಷ ಪ್ರೋಟೀನಿನ ಯಾವ ಅಕ್ಷರವನ್ನೂ ಮುಟ್ಟುವುದಿಲ್ಲ. ಎಸೆಯಬೇಕಾದ ತುಂಡಿನ ಐದನೇ ಅಕ್ಷರವನ್ನು ಮಾತ್ರ ಬದಲಿಸುತ್ತದೆ. ಎಸೆಯುವ ತುಂಡಿನ ಒಂದು ಅಕ್ಷರ ತಪ್ಪಿದರೆ ಮಗುವಿಗೆ ಜೀವನವಿಡೀ ರಕ್ತ ಕೊಡಿಸಬೇಕಾಗುವುದೇಕೆ ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಮುಂದೆ ಓದಿ.

ಮೊದಲು ನಕ್ಷೆ ಬರೆದುಕೊಳ್ಳಿ

ಗೆರೆ ಹಾಕಿದ ಉದ್ದ ಹಾಳೆ, ಪೆನ್ಸಿಲ್, ರಬ್ಬರ್ ಸಾಕು. ಆರ್‌ಎನ್‌ಎ ಅಕ್ಷರಗಳು ನಾಲ್ಕು: ಎ, ಸಿ, ಜಿ, ಯು. ಜೀನಿನ ಉದ್ದ 1606 ಅಕ್ಷರ. ಅದರ ಹಂಚಿಕೆ ಹೀಗೆ:

ಎಕ್ಸಾನ್ 1: 142 ಅಕ್ಷರ
ಇಂಟ್ರಾನ್ 1: 130
ಎಕ್ಸಾನ್ 2: 223
ಇಂಟ್ರಾನ್ 2: 850
ಎಕ್ಸಾನ್ 3: 261

ಎಕ್ಸಾನ್ ಎಂದರೆ ಉಳಿಯುವ ಕಾಳು, ಇಂಟ್ರಾನ್ ಎಂದರೆ ತೂರಿ ಹೋಗುವ ಹೊಟ್ಟು. ಮೂರು ಎಕ್ಸಾನ್ ಕೂಡಿಸಿದರೆ 626. ಇದರಲ್ಲೂ ಎಲ್ಲವೂ ಪ್ರೋಟೀನ್ ಆಗುವುದಿಲ್ಲ: ಮೊದಲ 50 ಅಕ್ಷರ ಮುನ್ನುಡಿ, ಕೊನೆಯ 132 ಹಿನ್ನುಡಿ, ನಡುವಿನ 444 ಮಾತ್ರ ಓದಿಗೆ ಸಿಗುವ ಭಾಗ. ಅದು ಎಕ್ಸಾನ್‌ಗಳಲ್ಲಿ 92, 223, 129 ಎಂದು ಹಂಚಿಹೋಗಿದೆ. ಈ 92 ಎಂಬ ಸಂಖ್ಯೆಯನ್ನು ದಪ್ಪಗೆ ಬರೆದುಕೊಳ್ಳಿ. ಮೂರು ಮೂರು ಅಕ್ಷರದ ಕೋಡಾನ್‌ಗಳಾಗಿ ಎಣಿಸಿದರೆ 30 ಕೋಡಾನ್ ಮುಗಿದು ಎರಡು ಅಕ್ಷರ ಮಿಗುತ್ತವೆ. ಅಂದರೆ ಒಂದು ಕೋಡಾನ್ ಎರಡು ಎಕ್ಸಾನ್‌ಗಳ ನಡುವೆ ಸೀಳಿದೆ: "ಎ ಜಿ" ಈ ಕಡೆ, "ಜಿ" ಆ ಕಡೆ. ಜೋಡಣೆ ಒಂದಕ್ಷರ ಆಚೀಚೆ ಆದರೂ ಉಳಿದದ್ದೆಲ್ಲ ಕೆಡುವುದು ಇದರಿಂದಲೇ. "ರಮೇಶ ಮನೆಗೆ ಬಂದನು" ಎಂಬ ಮೂರಕ್ಷರದ ಪದಗಳಿಂದ ಮೊದಲ ಅಕ್ಷರ ಕಿತ್ತು, ಮತ್ತೆ ಮೂರು ಮೂರಾಗಿ ಓದಿ: "ಮೇಶಮ ನೆಗೆಬಂ ದನು".

ಇನ್ನು ಎಕ್ಸಾನ್ 1ರ ಕೊನೆಯ 41 ಅಕ್ಷರ ಬರೆಯಿರಿ:

ಎ ಎ ಜಿ
ಜಿ ಯು ಜಿ ಎ ಎ ಸಿ ಜಿ ಯು ಜಿ ಜಿ
ಎ ಯು ಜಿ ಎ ಎ ಜಿ ಯು ಯು ಜಿ ಜಿ
ಯು ಜಿ ಜಿ ಯು ಜಿ ಎ ಜಿ ಜಿ ಸಿ ಸಿ
ಸಿ ಯು ಜಿ ಜಿ ಜಿ ಸಿ ಎ ಜಿ

ಅದರ ಬೆನ್ನಿಗೇ ಇಂಟ್ರಾನ್ 1, ಸಾಲಿಗೆ ಹತ್ತರಂತೆ ಹದಿಮೂರು ಸಾಲು:

1: ಜಿ ಯು ಯು ಜಿ ಜಿ ಯು ಎ ಯು ಸಿ ಎ
11: ಎ ಜಿ ಜಿ ಯು ಯು ಎ ಸಿ ಎ ಎ ಜಿ
21: ಎ ಸಿ ಎ ಜಿ ಜಿ ಯು ಯು ಯು ಎ ಎ
31: ಜಿ ಜಿ ಎ ಜಿ ಎ ಸಿ ಸಿ ಎ ಎ ಯು
41: ಎ ಜಿ ಎ ಎ ಎ ಸಿ ಯು ಜಿ ಜಿ ಜಿ
51: ಸಿ ಎ ಯು ಜಿ ಯು ಜಿ ಜಿ ಎ ಜಿ ಎ
61: ಸಿ ಎ ಜಿ ಎ ಜಿ ಎ ಎ ಜಿ ಎ ಸಿ
71: ಯು ಸಿ ಯು ಯು ಜಿ ಜಿ ಜಿ ಯು ಯು ಯು
81: ಸಿ ಯು ಜಿ ಎ ಯು ಎ ಜಿ ಜಿ ಸಿ ಎ
91: ಸಿ ಯು ಜಿ ಎ ಸಿ ಯು ಸಿ ಯು ಸಿ ಯು
101: ಸಿ ಯು ಜಿ ಸಿ ಸಿ ಯು ಎ ಯು ಯು ಜಿ
111: ಜಿ ಯು ಸಿ ಯು ಎ ಯು ಯು ಯು ಯು ಸಿ
121: ಸಿ ಸಿ ಎ ಸಿ ಸಿ ಸಿ ಯು ಯು ಎ ಜಿ

ಎಕ್ಸಾನ್ 2 ಆರಂಭವಾಗುವುದು "ಜಿ ಸಿ ಯು ಜಿ ಸಿ ಯು ಜಿ ಜಿ ಯು" ಎಂದು. ಬರೆದಾದ ಮೇಲೆ ಎಣಿಸಿ ನೋಡಿ. 130 ಬರದಿದ್ದರೆ ಮುಂದಿನ ಯಾವ ಹೆಜ್ಜೆಯೂ ಸರಿಹೋಗದು.

ಹೆಜ್ಜೆ 1: ಟೊಪ್ಪಿ

ಪ್ರತಿಲೇಖನ ನಡೆಸುವ ಕಿಣ್ವ, ಆರ್‌ಎನ್‌ಎ ಪಾಲಿಮರೇಸ್ 2, ಆರ್‌ಎನ್‌ಎಯನ್ನು 20ರಿಂದ 30 ಅಕ್ಷರ ಉದ್ದಕ್ಕೆ ಹೊರಬಿಡುವಷ್ಟರಲ್ಲಿ ಟೊಪ್ಪಿ ಕೂರುತ್ತದೆ. ನಮ್ಮ ಜೀನಿನಲ್ಲಿ ಪ್ರೋಟೀನ್ ಓದು ಶುರುವಾಗುವ "ಎ ಯು ಜಿ" ಇರುವುದು 51ನೇ ಅಕ್ಷರದಲ್ಲಿ. ಓದಬೇಕಾದ ಮೊದಲ ಕೋಡಾನ್ ಇನ್ನೂ ಹುಟ್ಟೇ ಇಲ್ಲ, ಆಗಲೇ ತಲೆ ಮುಚ್ಚಿರುತ್ತದೆ.

ಕೆಲಸ ಮೂರು ಹಂತದ್ದು. ಆರ್‌ಎನ್‌ಎಯ ಮೊದಲ ಅಕ್ಷರದ ಮೇಲೆ ಮೂರು ಫಾಸ್ಫೇಟ್ ಇರುತ್ತವೆ. ಒಂದು ಕಿಣ್ವ ತುದಿಯ ಒಂದನ್ನು ಕತ್ತರಿಸುತ್ತದೆ. ಎರಡನೆಯದು ಒಂದು ಗ್ವಾನೋಸಿನ್ ಅನ್ನು ತಲೆಕೆಳಗಾಗಿ, 5ರಿಂದ 5ಕ್ಕೆ ಎದುರುಬದುರಾಗಿ ಅಂಟಿಸುತ್ತದೆ (ಆರ್‌ಎನ್‌ಎಯ ಆರಂಭದ ತುದಿಗೆ 5ರ ತುದಿ, ಕೊನೆಯದಕ್ಕೆ 3ರ ತುದಿ ಎನ್ನುತ್ತಾರೆ). ಮೂರನೆಯದು ಆ ಗ್ವಾನೋಸಿನ್ನಿನ 7ನೇ ಸ್ಥಾನಕ್ಕೆ ಮೀಥೈಲ್ ಗುಂಪು ಸೇರಿಸುತ್ತದೆ. ಮೀಥೈಲ್ ಕೊಡುವುದು ಎಸ್-ಅಡೆನೋಸಿಲ್ ಮೆಥಿಯೋನಿನ್. ಮನುಷ್ಯರಲ್ಲಿ ಮೊದಲ ಎರಡು ಕೆಲಸವನ್ನು ಒಂದೇ ಪ್ರೋಟೀನ್ ಮಾಡುತ್ತದೆ. ನಿಮ್ಮ ಹಾಳೆಯಲ್ಲಿ ಮೊದಲ ಅಕ್ಷರದ ಎಡಕ್ಕೆ ಒಂದು ತಿರುಗಿಸಿದ "ಜಿ" ಬರೆದು ಮೇಲೊಂದು ಚುಕ್ಕಿ ಇಡಿ.

ಟೊಪ್ಪಿ ಇಲ್ಲದ ಆರ್‌ಎನ್‌ಎಯನ್ನು 5ರ ತುದಿಯಿಂದ ತಿನ್ನುವ ಕಿಣ್ವಗಳು ಕೂಡಲೇ ಮುಗಿಸುತ್ತವೆ. ಈ ಕಿಣ್ವಗಳು ಹುಡುಕುವುದು ಬೋಳು ಫಾಸ್ಫೇಟ್ ತುದಿಯನ್ನು. ತಲೆಕೆಳಗಾದ ಅಕ್ಷರ ಅವಕ್ಕೆ ಹಿಡಿತ ಕೊಡುವುದಿಲ್ಲ.

ಇಷ್ಟೆಲ್ಲ ಇಷ್ಟು ಬೇಗ ಆಗುವುದು ಹೇಗೆ? ಪಾಲಿಮರೇಸ್‌ಗೆ ಒಂದು ಉದ್ದ ಬಾಲವಿದೆ, ಏಳು ಅಮೈನೋ ಆಮ್ಲಗಳ ಒಂದೇ ಮಾದರಿ ಮನುಷ್ಯರಲ್ಲಿ 52 ಬಾರಿ ಪುನರಾವರ್ತನೆಯಾಗಿರುವ ಬಾಲ. ಆ ಏಳರ ಮಾದರಿಯಲ್ಲಿ 5ನೇ ಸ್ಥಾನದ ಸೆರಿನ್ ಮೇಲೆ ಫಾಸ್ಫೇಟ್ ಕೂತಾಗ ಟೊಪ್ಪಿಯ ಕಿಣ್ವಗಳು ಬಂದು ನಿಲ್ಲುತ್ತವೆ. ಮುಂದೆ ಸಾಗಿದಂತೆ 2ನೇ ಸ್ಥಾನದ ಸೆರಿನ್ ಮೇಲೆ ಫಾಸ್ಫೇಟ್ ಹೆಚ್ಚಿ, ಆರ್‌ಎನ್‌ಎಯನ್ನು ಕತ್ತರಿಸಿ ಬಾಲ ಕಟ್ಟುವವರು ಹತ್ತಿಕೊಳ್ಳುತ್ತಾರೆ. ಹಾಗಾಗಿ ಈ ಹೆಜ್ಜೆಗಳನ್ನು ಒಂದು ಮುಗಿದ ಮೇಲೆ ಇನ್ನೊಂದು ಎಂದು ಓದಬೇಡಿ. ಬಸ್ಸು ಓಡುತ್ತಿರುವಾಗಲೇ ಟಿಕೆಟ್ ಹರಿಯುವ ಕಂಡಕ್ಟರ್ ಹಾಗೆ, ನಕಲು ನಡೆಯುತ್ತಿರುವಾಗಲೇ ಇವೆಲ್ಲ ನಡೆಯುತ್ತವೆ.

ಹೆಜ್ಜೆ 2: ಕತ್ತರಿ ಎಲ್ಲಿ ಬೀಳಬೇಕು

ಇಲ್ಲಿ ನಿಧಾನಿಸಿ, ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ. ಜೀನುಗಳು ತುಂಡು ತುಂಡಾಗಿವೆ ಎಂಬುದು 1977ರಲ್ಲಿ ಅಡೆನೊವೈರಸ್ ಮೇಲಿನ ಕೆಲಸದಿಂದ ಗೊತ್ತಾಯಿತು. ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಕತ್ತರಿಸಿ ಜೋಡಿಸುವ ಯಂತ್ರದ ಹೆಸರು ಸ್ಪ್ಲೈಸಿಯೋಸೋಮ್. ಅದರ ತಿರುಳು ಯು1, ಯು2, ಯು4, ಯು5, ಯು6 ಎಂಬ ಐದು ಪುಟ್ಟ ಆರ್‌ಎನ್‌ಎಗಳು ಮತ್ತು ಅವುಗಳಿಗೆ ಅಂಟಿದ ಪ್ರೋಟೀನುಗಳು.

ಅದು ಹುಡುಕುವ ಗುರುತು ಮೂರು.

ಮೊದಲನೆಯದು ಇಂಟ್ರಾನಿನ ಆರಂಭ. ಯು1ರ ತುದಿಯ ಅಕ್ಷರಗಳು "ಸಿ ಎ ಜಿ | ಜಿ ಯು ಎ ಎ ಜಿ ಯು" ಎಂಬ ಒಂಬತ್ತಕ್ಷರಕ್ಕೆ ಜೋಡಿಯಾಗಿ ಕೂರುವಂಥವು. ಗೆರೆಯ ಎಡಕ್ಕೆ ಎಕ್ಸಾನಿನ ಕೊನೆಯ ಮೂರು, ಬಲಕ್ಕೆ ಇಂಟ್ರಾನಿನ ಮೊದಲ ಆರು. ಈ ಆದರ್ಶ ಸಾಲನ್ನು ಒಂದು ಚೀಟಿಯಲ್ಲಿ ಬರೆದು ನಿಮ್ಮ ಹಾಳೆಯ ಮೇಲೆ ಸರಿಸುತ್ತಾ ಹೋಗಿ, ಎಷ್ಟು ಅಕ್ಷರ ಹೊಂದುತ್ತವೆ ಎಂದು ಎಣಿಸಿ. ಸರಿಯಾದ ಜಾಗದಲ್ಲಿ ಸಿಗುವುದು "ಸಿ ಎ ಜಿ | ಜಿ ಯು ಯು ಜಿ ಜಿ ಯು". ಒಂಬತ್ತಕ್ಕೆ ಏಳು.

ಈಗ ಇನ್ನೂ ಮೂರು ಕಡೆ ಚೀಟಿ ಇಡಿ. ಎಕ್ಸಾನಿನ ಕೊನೆಯಿಂದ 38 ಅಕ್ಷರ ಹಿಂದೆ: "ಎ ಎ ಜಿ | ಜಿ ಯು ಜಿ ಎ ಎ ಸಿ", ಐದು. 16 ಅಕ್ಷರ ಹಿಂದೆ: "ಜಿ ಯು ಜಿ | ಜಿ ಯು ಜಿ ಎ ಜಿ ಜಿ", ಐದು. ಇಂಟ್ರಾನಿನ ಒಳಗೆ 13ನೇ ಅಕ್ಷರದಲ್ಲಿ: "ಎ ಎ ಜಿ | ಜಿ ಯು ಯು ಎ ಸಿ ಎ", ಇಲ್ಲೂ ಐದು. ಇವು ಮರೆಯಲ್ಲಿ ಕಾದು ಕೂತ ಜಾಗಗಳು. ಏಳು ಅಂಕದ ಯಜಮಾನ ಇರುವವರೆಗೆ ಇವುಗಳ ಸದ್ದಿಲ್ಲ.

ಎರಡನೆಯ ಗುರುತು ಕವಲು ಬಿಂದು: ಇಂಟ್ರಾನಿನ ಕೊನೆಗೆ ಸಾಮಾನ್ಯವಾಗಿ 18ರಿಂದ 40 ಅಕ್ಷರ ಮುಂಚೆ ಬರುವ ಒಂದು "ಎ". ನಮ್ಮ ಇಂಟ್ರಾನಿನಲ್ಲಿ ಅದು 94ನೆಯದು, "ಸಿ ಎ ಸಿ ಯು ಜಿ ಎ ಸಿ" ಎಂಬುದರೊಳಗಿನ ಎರಡನೇ "ಎ"; ಕೊನೆಯಿಂದ ಎಣಿಸಿದರೆ 37ನೆಯದು. ಯು2 ಅಕ್ಕಪಕ್ಕದ ಅಕ್ಷರಗಳ ಜೊತೆ ಜೋಡಿಯಾಗಿ ಈ ಒಂದು "ಎ"ಯನ್ನು ಮಾತ್ರ ಹೊರಗೆ ಉಬ್ಬಿಸಿ ನಿಲ್ಲಿಸುತ್ತದೆ.

ಮೂರನೆಯದು ಇಂಟ್ರಾನಿನ ಅಂತ್ಯ: ಕವಲು ಬಿಂದುವಿನ ನಂತರ "ಸಿ" ಮತ್ತು "ಯು"ಗಳ ಸಾಲು, ಅದರ ಕೊನೆಗೆ "ಎ ಜಿ". ಯು2ಎಎಫ್ ಎಂಬ ಜೋಡಿ ಪ್ರೋಟೀನಿನ ದೊಡ್ಡ ಭಾಗ ಆ ಸಾಲನ್ನೂ ಚಿಕ್ಕ ಭಾಗ "ಎ ಜಿ"ಯನ್ನೂ ಹಿಡಿಯುತ್ತವೆ. ಪೆನ್ಸಿಲ್ಲಿನವರಿಗೆ ಬೇಕಾದ ಸೂತ್ರ ಇಷ್ಟೇ: 94ರಿಂದ ಮುಂದಕ್ಕೆ ಓದುತ್ತಾ ಹೋಗಿ, ಮೊದಲು ಸಿಗುವ "ಎ ಜಿ" ಎಲ್ಲಿದೆಯೋ ಅಲ್ಲಿ ಕತ್ತರಿ. ಓದಿ ನೋಡಿ: 129-130ರವರೆಗೆ ಒಂದೂ ಸಿಗುವುದಿಲ್ಲ. 86-87ರಲ್ಲಿ ಒಂದು "ಎ ಜಿ" ಇದೆಯಲ್ಲ ಎಂದು ಗಾಬರಿಯಾಗಬೇಡಿ, ಅದು ಕವಲು ಬಿಂದುವಿಗಿಂತ ಹಿಂದಿನದು, ಲೆಕ್ಕಕ್ಕಿಲ್ಲ.

ಹೆಜ್ಜೆ 3: ಕತ್ತರಿಸಿ, ಜೋಡಿಸಿ

ರಾಸಾಯನಿಕವಾಗಿ ಇದು ಎರಡೇ ಏಟು. ಉಬ್ಬಿ ನಿಂತ "ಎ"ಯ 2ನೇ ಇಂಗಾಲದ ಹೈಡ್ರಾಕ್ಸಿಲ್ ಇಂಟ್ರಾನಿನ ಮೊದಲ "ಜಿ"ಯ ಕೊಂಡಿಯನ್ನು ಹೊಡೆಯುತ್ತದೆ. ಎಕ್ಸಾನ್ 1 ಬಿಡುಗಡೆ; ಇಂಟ್ರಾನ್ ತನ್ನ ತಲೆಯನ್ನು ತನ್ನ ಹೊಟ್ಟೆಗೇ ಕಟ್ಟಿಕೊಂಡು ಕುಣಿಕೆಯಾಗುತ್ತದೆ. ಎರಡನೇ ಏಟಿನಲ್ಲಿ ಎಕ್ಸಾನ್ 1ರ ತುದಿಯ ಹೈಡ್ರಾಕ್ಸಿಲ್ ಎಕ್ಸಾನ್ 2ರ ಆರಂಭವನ್ನು ಹೊಡೆದು ಅದರೊಡನೆ ಸೇರಿಕೊಳ್ಳುತ್ತದೆ. ಒಂದು ಕೊಂಡಿ ಒಡೆದಲ್ಲೇ ಇನ್ನೊಂದು ಕಟ್ಟುವುದರಿಂದ ಈ ಏಟುಗಳಿಗೆ ಕೋಶದ ಇಂಧನವಾದ ಎಟಿಪಿ ಖರ್ಚಿಲ್ಲ. ಎಟಿಪಿ ಹೋಗುವುದೆಲ್ಲ ಯಂತ್ರದ ಬಿಡಿಭಾಗಗಳನ್ನು ಸರಿಸಿ ಕೂರಿಸುವುದಕ್ಕೆ: ಯು1 ಎದ್ದು ಯು6ಗೆ ಜಾಗ ಬಿಡಬೇಕು, ಯು4 ಕಳಚಿ ಬೀಳಬೇಕು, ಯು5 ಎರಡು ಎಕ್ಸಾನ್ ತುದಿಗಳನ್ನು ಎದುರುಬದುರು ಹಿಡಿದಿರಬೇಕು.

ನಿಮ್ಮ ಹಾಳೆಯಲ್ಲಿ 130 ಅಕ್ಷರವನ್ನು ಅಡ್ಡಗೆರೆ ಹೊಡೆದು ಓದಿ: "ಎ ಜಿ" + "ಜಿ ಸಿ ಯು ಜಿ ಸಿ ಯು ಜಿ" ಸೇರಿ "ಎಜಿಜಿ, ಸಿಯುಜಿ, ಸಿಯುಜಿ". ಆರ್ಜಿನಿನ್, ಲ್ಯೂಸಿನ್, ಲ್ಯೂಸಿನ್. ಸರಿಯಾದ ಬೀಟಾ ಸರಪಳಿಯ 30, 31, 32ನೇ ಸ್ಥಾನಗಳು ಇವೇ (ಆರಂಭದ "ಎಯುಜಿ"ಯನ್ನು ಬಿಟ್ಟು ಎಣಿಸುವುದು ರೂಢಿ; ಮುಂದಿನ ಕೋಡಾನ್ ಸಂಖ್ಯೆಗಳೂ ಹಾಗೆಯೇ). ಇಂಟ್ರಾನ್ 2ಕ್ಕೂ ವಿಧಾನ ಇದೇ, ಬರೆಯಲು 850 ಅಕ್ಷರ ಅಷ್ಟೆ.

ಜೋಡಣೆಯಾದ ಕಡೆಯಲ್ಲಿ, ಸಂಧಿಗಿಂತ 20ರಿಂದ 24 ಅಕ್ಷರ ಹಿಂದೆ, ಒಂದು ಪ್ರೋಟೀನ್ ಗುಂಪು ಕೂತು ಉಳಿಯುತ್ತದೆ. "ಇಲ್ಲಿ ಹೊಲಿಗೆ ಬಿದ್ದಿದೆ" ಎಂಬ ಮುದ್ರೆ ಅದು. ಹಾಳೆಯಲ್ಲಿ ಎರಡು ಸಂಧಿಗೂ ಒಂದೊಂದು ಸೊನ್ನೆ ಬರೆದಿಡಿ, ಹೆಜ್ಜೆ 6ರಲ್ಲಿ ಬೇಕಾಗುತ್ತದೆ.

ಹೆಜ್ಜೆ 4: ಬೇಕೆಂದೇ ತಪ್ಪು ಮಾಡಿ ನೋಡಿ

ಇಂಟ್ರಾನ್ 1ರ 5ನೇ "ಜಿ"ಯನ್ನು ಅಳಿಸಿ "ಸಿ" ಬರೆಯಿರಿ. ಭಾರತದಲ್ಲಿ ಮೊದಲ ಸ್ಥಾನದಲ್ಲಿರುವ ದೋಷ ಇದೇ. ವರದಿಗಳಲ್ಲಿ "ಐವಿಎಸ್ 1-5 ಜಿ-ಸಿ" ಎಂದು ಬರುತ್ತದೆ (ಐವಿಎಸ್ ಎಂದರೆ ಇಂಟ್ರಾನ್). ಹೊಸ ಪದ್ಧತಿಯ ವರದಿಯಲ್ಲಿ 92+5 ಎಂದಿರುತ್ತದೆ: ಓದಿಗೆ ಸಿಗುವ 92ನೇ ಅಕ್ಷರ ಮುಗಿದ ಮೇಲೆ ಐದನೆಯದು. ಮತ್ತೆ ಚೀಟಿ ಇಡಿ. ಯಜಮಾನನ ಅಂಕ ಏಳರಿಂದ ಆರಕ್ಕೆ ಇಳಿಯಿತು. ಕಾದು ಕೂತ ಮೂರು ಜಾಗಗಳ ಅಂಕ ಐದು. ಅಂತರ ಒಂದೇ ಆದ ಮೇಲೆ ಯು1 ಅಲ್ಲಿಗೂ ಹೋಗಿ ಕೂರುತ್ತದೆ. ನಿಜವಾಗಿಯೂ ಈ ದೋಷವಿರುವ ಆರ್‌ಎನ್‌ಎಯಲ್ಲಿ ಆ ಮೂರೂ ಜಾಗಗಳಲ್ಲಿ ಕತ್ತರಿ ಬೀಳುತ್ತದೆ.

ಒಂದೊಂದರ ಫಲವನ್ನೂ ಲೆಕ್ಕ ಹಾಕಿ. 38 ಹಿಂದಿನ ಜಾಗ: 38 ಅಕ್ಷರ ನಷ್ಟ, ಮೂರರಿಂದ ಭಾಗವಾಗದು, ಓದು ಕೆಟ್ಟಿತು. 16 ಹಿಂದಿನದು: ಅದೇ ಗತಿ. 13ನೆಯದು ಮಾತ್ರ ಸ್ವಾರಸ್ಯ: ಇಂಟ್ರಾನಿನ 12 ಅಕ್ಷರ ಹೆಚ್ಚಾಗಿ ಉಳಿಯುತ್ತವೆ, ಹನ್ನೆರಡು ಮೂರರಿಂದ ಭಾಗವಾಗುತ್ತದೆ. ಓದಿದರೆ "ಎಜಿಜಿ ಯುಯುಜಿ ಸಿಯುಎ ಯುಸಿಎ ಎಜಿಜಿ", ನಿಲುಗಡೆ (ಓದು ನಿಲ್ಲಿಸುವ ಕೋಡಾನ್) ಎಲ್ಲೂ ಇಲ್ಲ. ನಾಲ್ಕು ಅಮೈನೋ ಆಮ್ಲ ನಡುವೆ ತುರುಕಿದ ಸರಪಳಿ ಬರುತ್ತದೆ, ಅದು ಸರಿಯಾದ ಬೀಟಾ ಸರಪಳಿ ಅಲ್ಲ.

ಇನ್ನು 6ನೇ "ಯು"ವನ್ನು "ಸಿ" ಮಾಡಿ ನೋಡಿ. ಅಂಕ ಇಲ್ಲೂ ಆರು. ಆದರೆ ರೋಗ ಇದರಲ್ಲಿ ಸೌಮ್ಯ, ಐದನೆಯದರಲ್ಲಿ ತೀವ್ರ. ಎಲ್ಲ ಅಕ್ಷರಕ್ಕೂ ಒಂದೇ ಬೆಲೆಯಲ್ಲ: ಐದನೇ "ಜಿ" ಯು1ರ "ಸಿ" ಜೊತೆ ಮೂರು ಹೈಡ್ರೋಜನ್ ಬಂಧದಿಂದ ಹಿಡಿದಿತ್ತು, ಆರನೇ "ಯು" ತುದಿಯಲ್ಲಿ ಎರಡರಿಂದ. ಚೀಟಿಯ ಎಣಿಕೆ ಅನುಮಾನ ಹುಟ್ಟಿಸಲು ಸಾಕು, ತೀರ್ಪು ಕೊಡಲು ಸಾಲದು. ಮೊದಲನೇ "ಜಿ" ಬದಲಾದರಂತೂ ಅಂಕ ನೋಡುವ ಅಗತ್ಯವೇ ಇಲ್ಲ, ಆ ಜಾಗ ಪೂರ್ತಿ ಸತ್ತಂತೆ.

ಮುಂದಿನದು 110ನೇ "ಜಿ"ಯನ್ನು "ಎ" ಮಾಡುವುದು. ಇದು ಮೆಡಿಟರೇನಿಯನ್ ಸುತ್ತಲಿನ ಜನರಲ್ಲಿ ಹೆಚ್ಚು. 94ರಿಂದ ಮುಂದೆ ಓದಿ: 110-111ರಲ್ಲಿ ಹೊಸ "ಎ ಜಿ" ಹುಟ್ಟಿದೆ, ಅದೇ ಈಗ ಮೊದಲನೆಯದು. ಅಲ್ಲಿ ಕತ್ತರಿ ಬಿದ್ದರೆ ಇಂಟ್ರಾನಿನ 19 ಅಕ್ಷರ ಉಳಿಯುತ್ತವೆ. ಓದಿ: "ಎಜಿಯು ಸಿಯುಎ ಯುಯುಯು ಯುಸಿಸಿ ಸಿಎಸಿ ಸಿಸಿಯು ಯುಎಜಿ". ಕೊನೆಯ "ಯುಎಜಿ" ನಿಲುಗಡೆ. ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಆರ್‌ಎನ್‌ಎ ಹೀಗೆ ತಪ್ಪಾಗಿ ಜೋಡಣೆಯಾಗುತ್ತದೆ, ಒಂದು ಪಾಲು ಹಳೆಯ ಜಾಗದಲ್ಲಿ ಸರಿಯಾಗಿ ಆಗುತ್ತದೆ. ಹಳೆಯ "ಎ ಜಿ" ಹಾಳಾಗಿಲ್ಲವಲ್ಲ.

ಈಗ ಎಕ್ಸಾನಿನ ಒಳಗೆ ಬನ್ನಿ. 26ನೇ ಕೋಡಾನ್ "ಜಿಎಜಿ"ಯನ್ನು "ಎಎಜಿ" ಮಾಡಿ. ಇದೇ ಹಿಮೋಗ್ಲೋಬಿನ್ ಇ, ನಮ್ಮ ಈಶಾನ್ಯ ರಾಜ್ಯಗಳಲ್ಲಿ ಮತ್ತು ಆಗ್ನೇಯ ಏಷ್ಯಾದಲ್ಲಿ ಸಾಮಾನ್ಯ. ಗ್ಲುಟಾಮಿಕ್ ಆಮ್ಲದ ಬದಲು ಲೈಸಿನ್ ಬಂದದ್ದಷ್ಟೇ ಎಂದು ನಿಲ್ಲಿಸಬೇಡಿ. ಅದೇ ಅಕ್ಷರ 16 ಹಿಂದಿನ ಗುಪ್ತ ಜಾಗದೊಳಗೂ ಇದೆ: "ಜಿ ಯು ಜಿ ಎ ಜಿ ಜಿ" ಹೋಗಿ "ಜಿ ಯು ಎ ಎ ಜಿ ಜಿ" ಆಯಿತು. ಅಂಕ ಐದರಿಂದ ಆರಕ್ಕೆ ಏರಿತು. ಯಜಮಾನ ಬಲಹೀನನಾಗಿಲ್ಲ, ಪೈಪೋಟಿಗಾರ ಬಲಿತಿದ್ದಾನೆ. ಹಾಗಾಗಿ ಹಿಮೋಗ್ಲೋಬಿನ್ ಇ ರೂಪ ಬದಲಾಗುವುದರ ಜೊತೆಗೆ ಪ್ರಮಾಣದಲ್ಲೂ ಕಡಿಮೆ ಬರುತ್ತದೆ. ಪ್ರೋಟೀನ್ ಬದಲಾವಣೆ ಎಂದು ಹಣೆಪಟ್ಟಿ ಹಚ್ಚಿದ ಎಷ್ಟೋ ದೋಷಗಳ ಒಳಗೆ ಸ್ಪ್ಲೈಸಿಂಗ್, ಅಂದರೆ ಕತ್ತರಿಸಿ ಜೋಡಿಸುವ ಕೆಲಸದ, ದೋಷ ಅಡಗಿರುತ್ತದೆ. ಎಕ್ಸಾನಿನೊಳಗಿನ ಬದಲಾವಣೆಯನ್ನು ಈ ಚೀಟಿ ಇಡದೆ ಓದುವುದು ಅರ್ಧ ಓದು.

ಇಂಟ್ರಾನಿನ ಆಳದಲ್ಲೂ ಅಪಾಯ ಉಂಟು. ಇಂಟ್ರಾನ್ 2ರ 654ನೇ "ಸಿ" "ಯು" ಆದರೆ ಹೊಸ ಆರಂಭದ ಗುರುತು ಹುಟ್ಟಿ, ಹಿಂದಿನ ಒಂದು ಗುಪ್ತ "ಎ ಜಿ" ಎಚ್ಚೆತ್ತು, ನಡುವಿನ 73 ಅಕ್ಷರ ಎಕ್ಸಾನಿನ ವೇಷದಲ್ಲಿ ಒಳಗೆ ಸೇರುತ್ತವೆ. ಚೀನಾದಲ್ಲಿ ಇದು ಹೆಚ್ಚು. ಎಕ್ಸಾನ್ ಮತ್ತು ಅವುಗಳ ಅಂಚು ಮಾತ್ರ ಓದುವ ಪರೀಕ್ಷೆಗೆ ಇದು ಸಿಗುವುದಿಲ್ಲ. ಇಂಥ ಗುಪ್ತ ಜಾಗವನ್ನು ಆರ್‌ಎನ್‌ಎಗೆ ಜೋಡಿಯಾಗಿ ಅಂಟುವ ಚಿಕ್ಕ ಪ್ರತಿ-ಎಳೆಯಿಂದ ಮುಚ್ಚಿ ಸರಿಯಾದ ಜೋಡಣೆ ಮರಳಿಸಬಹುದೆಂದು ಡೊಮಿನ್ಸ್ಕಿ ಮತ್ತು ಕೋಲೆ 1993ರಲ್ಲಿ ಥಲಸ್ಸೀಮಿಯಾ ಆರ್‌ಎನ್‌ಎ ಮೇಲೆಯೇ ತೋರಿಸಿದರು. ಪ್ರತಿ-ಎಳೆಯಿಂದ ಸ್ಪ್ಲೈಸಿಂಗ್ ತಿದ್ದುವ ಅದೇ ಉಪಾಯದ ಔಷಧಿ ನುಸಿನೆರ್ಸೆನ್, 2016ರಲ್ಲಿ ಬೆನ್ನುಹುರಿಯ ಸ್ನಾಯುಕ್ಷಯಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ಹೆಜ್ಜೆ 5: ಬಾಲ

ಎಕ್ಸಾನ್ 3ರ ಕೊನೆಯಲ್ಲಿ "ಎ ಎ ಯು ಎ ಎ ಎ" ಹುಡುಕಿ. ಅದರಿಂದ 10ರಿಂದ 30 ಅಕ್ಷರ ಮುಂದೆ ಕತ್ತರಿ ಬೀಳುತ್ತದೆ. ನಮ್ಮ ಜೀನಿನಲ್ಲಿ ಸುಮಾರು 20ರ ನಂತರ. ಗುರುತು ಹಿಡಿಯುವ ಪ್ರೋಟೀನ್ ಗುಂಪಿನಲ್ಲೇ ಕತ್ತರಿಸುವ ಕಿಣ್ವವೂ ಇದೆ. ಇನ್ನೊಂದು ಗುಂಪು ಕತ್ತರಿಯ ಆಚೆಗಿನ "ಜಿ-ಯು" ತುಂಬಿದ ಭಾಗವನ್ನು ಹಿಡಿದು ಜಾಗ ಖಾತ್ರಿ ಮಾಡುತ್ತದೆ. ಕತ್ತರಿಸಿದ ತುದಿಗೆ ಪಾಲಿ-ಎ ಪಾಲಿಮರೇಸ್ ಯಾವ ಅಚ್ಚಿನ ಹಂಗಿಲ್ಲದೆ 200-250 "ಎ" ಸೇರಿಸುತ್ತದೆ. ಡಿಎನ್‌ಎಯಲ್ಲಿ ಈ ಬಾಲ ಬರೆದಿಲ್ಲ, ಆದ್ದರಿಂದ ನಿಮ್ಮ ಹಾಳೆಯಲ್ಲೂ ಹುಡುಕಿದರೆ ಸಿಗದು.

ಆ ಆರಕ್ಷರದ ನಡುವಿನ "ಯು" "ಸಿ" ಆದ ರೋಗಿಗಳಿದ್ದಾರೆ. ಕತ್ತರಿ ತನ್ನ ಜಾಗ ತಪ್ಪಿ, ಸುಮಾರು 900 ಅಕ್ಷರ ಮುಂದಿನ ಗುರುತಿನವರೆಗೆ ಆರ್‌ಎನ್‌ಎ ಬೆಳೆಯುತ್ತದೆ. ಪ್ರೋಟೀನ್ ಸೂಚನೆ ಅಕ್ಷರಶಃ ಸರಿಯಿದ್ದೂ ಗ್ಲೋಬಿನ್ ಕಡಿಮೆ.

ಬಾಲವಿಲ್ಲದ ಎಂಆರ್‌ಎನ್‌ಎ (ಪ್ರೋಟೀನ್ ಸೂಚನೆ ಹೊತ್ತ ಪಕ್ವ ಆರ್‌ಎನ್‌ಎ) ಕೂಡ ಉಂಟು: ಡಿಎನ್‌ಎ ಪ್ರತಿ ಮಾಡುವ ಹೊತ್ತಿನಲ್ಲಿ ತಯಾರಾಗುವ, ಡಿಎನ್‌ಎಯನ್ನು ಸುತ್ತಿಡುವ ಹಿಸ್ಟೋನ್ ಪ್ರೋಟೀನುಗಳದ್ದು ಬಾಲದ ಬದಲು ಒಂದು ಮಡಿಕೆಯಲ್ಲಿ ಮುಗಿಯುತ್ತದೆ. ಪ್ರಯೋಗಾಲಯದಲ್ಲಿ ಬಾಲ ಹಿಡಿದು ಆರ್‌ಎನ್‌ಎ ಆರಿಸುವವರು ಇದನ್ನು ಮರೆತು "ಹಿಸ್ಟೋನ್ ಸಿಗುತ್ತಿಲ್ಲ" ಎನ್ನುವುದುಂಟು.

ಹೆಜ್ಜೆ 6: ಹೊರಗೆ, ಮತ್ತು ತಪಾಸಣೆ

ಟೊಪ್ಪಿ, ಹೊಲಿಗೆ, ಬಾಲ ಮೂರೂ ಇದ್ದ ಆರ್‌ಎನ್‌ಎಯನ್ನು ರಫ್ತು ಪ್ರೋಟೀನುಗಳು ಕೋಶಕೇಂದ್ರದ ರಂಧ್ರದ ಮೂಲಕ ಹೊರಗೆ ಸಾಗಿಸುತ್ತವೆ. ಹೊರಗೆ ಪ್ರೋಟೀನ್ ಕಟ್ಟುವ ರೈಬೋಸೋಮ್ ಮೊದಲ ಬಾರಿ ಓದುವಾಗ ಹೊಲಿಗೆಯ ಮುದ್ರೆಗಳನ್ನು ಉದುರಿಸುತ್ತಾ ಹೋಗುತ್ತದೆ. ಸರಿಯಾದ ಎಂಆರ್‌ಎನ್‌ಎಯಲ್ಲಿ ನಿಲುಗಡೆ ಕೊನೆಯ ಎಕ್ಸಾನಿನಲ್ಲಿರುವುದರಿಂದ ಮುದ್ರೆ ಒಂದೂ ಉಳಿಯದು. ನಿಲುಗಡೆ ಕೊನೆಯ ಸಂಧಿಗಿಂತ 50-55 ಅಕ್ಷರಕ್ಕೂ ಹೆಚ್ಚು ಹಿಂದೆ ಬಂದರೆ ಮುಂದೆ ಮುದ್ರೆ ಉಳಿದಿರುತ್ತದೆ, ಅದೇ ದೂರು. ಆರ್‌ಎನ್‌ಎಯನ್ನು ಕೆಡವಲಾಗುತ್ತದೆ.

110ರ ದೋಷಕ್ಕೆ ಇದನ್ನು ಹಚ್ಚಿ: "ಯುಎಜಿ" ಬಿದ್ದದ್ದು ಎಕ್ಸಾನ್ 2ಕ್ಕೂ ಮುಂಚೆ. ಅಲ್ಲಿಂದ ಕೊನೆಯ ಸಂಧಿಗೆ 223 ಅಕ್ಷರ ಬಾಕಿ. ಕೆಡವುವುದು ಖಚಿತ. ಇದು ಒಳ್ಳೆಯದೇ: ಅರೆಬರೆ ಸರಪಳಿ ಕೋಶದಲ್ಲಿ ಗಂಟು ಕಟ್ಟುವುದು ತಪ್ಪುತ್ತದೆ. ಬದಲಿಗೆ ಎಕ್ಸಾನ್ 3ರಲ್ಲಿ ಅಕಾಲ ನಿಲುಗಡೆ ಬಂದರೆ ತಪಾಸಣೆಗೆ ಸಿಗದೆ, ಮೊಟಕು ಸರಪಳಿ ತಯಾರಾಗಿ, ಒಂದೇ ಪ್ರತಿ ಕೆಟ್ಟಿದ್ದರೂ ರೋಗ ಬರಬಹುದು. ಸೂತ್ರಕ್ಕೆ ಅಪವಾದವೂ ಇದೆ: ಎಕ್ಸಾನ್ 1ರಲ್ಲಿ ಆರಂಭದ "ಎಯುಜಿ"ಗೆ ತೀರ ಹತ್ತಿರದ ನಿಲುಗಡೆಗಳು, ಉದಾಹರಣೆಗೆ 15ನೇ ಕೋಡಾನಿನದು, ಲೆಕ್ಕದ ಪ್ರಕಾರ ಸಿಕ್ಕಿಬೀಳಬೇಕಾಗಿದ್ದರೂ ಬಹುಮಟ್ಟಿಗೆ ಪಾರಾಗುತ್ತವೆ.

ಗ್ಲೋಬಿನ್‌ನಲ್ಲಿ ಮುಖ್ಯವಾಗದ ಒಂದು ಬಗೆಯ ತಿದ್ದುಪಡಿಯನ್ನೂ ತಿಳಿದಿರಿ: ಅಕ್ಷರವನ್ನೇ ಬದಲಿಸುವುದು. ಅಪೋ-ಬಿ ಎಂಬ ಕೊಬ್ಬು ಸಾಗಿಸುವ ಪ್ರೋಟೀನಿನ ಆರ್‌ಎನ್‌ಎಯಲ್ಲಿ, ಕರುಳಿನ ಕೋಶಗಳು ಒಂದು "ಸಿಎಎ"ಯನ್ನು "ಯುಎಎ" ಮಾಡಿ ಓದನ್ನು ಅಲ್ಲೇ ನಿಲ್ಲಿಸುತ್ತವೆ; ಅರ್ಧ ಉದ್ದದ ಅಪೋ-ಬಿ48 ಸಿಗುತ್ತದೆ. ಯಕೃತ್ತು ಮುಟ್ಟದೆ ಬಿಡುತ್ತದೆ, ಪೂರ್ಣ ಅಪೋ-ಬಿ100 ಸಿಗುತ್ತದೆ. ಡಿಎನ್‌ಎ ಓದಿ ಆರ್‌ಎನ್‌ಎ ಊಹಿಸುವವರಿಗೆ ಇದೊಂದು ಕಡಿವಾಣ.

ಹೆಜ್ಜೆ 7: ಕಾಗದದಿಂದ ಜೆಲ್‌ಗೆ

ರೋಗ ಪತ್ತೆಗೆ ಡಿಎನ್‌ಎ ಪರೀಕ್ಷೆ ಸಾಕು, ಆರ್‌ಎನ್‌ಎ ಬೇಡ. ಹೊಸ ಬದಲಾವಣೆಯೊಂದು ಸ್ಪ್ಲೈಸಿಂಗ್ ಕೆಡಿಸುತ್ತದೆಯೇ ಎಂಬ ಪ್ರಶ್ನೆ ಇದ್ದಾಗ ಮಾತ್ರ ಈ ದಾರಿ.

ರಕ್ತವನ್ನು ಇಡಿಟಿಎ ಕೊಳವೆಯಲ್ಲಿ ತೆಗೆಯಿಸಿ. ಹೆಪಾರಿನ್ ಕೊಳವೆಯದು ಮುಂದೆ ಮಾಡುವ ಪಿಸಿಆರ್‌ಗೆ (ಡಿಎನ್‌ಎ ತುಂಡನ್ನು ಹಲವು ಪಟ್ಟು ನಕಲಿಸುವ ವಿಧಾನಕ್ಕೆ) ಅಡ್ಡಿ. ಗ್ಲೋಬಿನ್ ಆರ್‌ಎನ್‌ಎ ಇರುವುದು ಎಳೆಯ ಕೆಂಪು ಕಣಗಳಲ್ಲಿ. ಅಭ್ಯಾಸಬಲದಿಂದ ಕೆಂಪು ಕಣ ಒಡೆದು ಚೆಲ್ಲಿ ಬಿಳಿ ಕಣ ಉಳಿಸಿಕೊಂಡರೆ ಬೇಕಾದದ್ದೇ ಚರಂಡಿಗೆ ಹೋಗುತ್ತದೆ. ಪೂರ್ಣ ರಕ್ತ 0.25 ಮಿ.ಲೀ.ಗೆ ದ್ರವ ಮಾದರಿಗೆಂದೇ ಇರುವ ಟ್ರೈಜಾಲ್ ಎಲ್‌ಎಸ್ 0.75 ಮಿ.ಲೀ., ಕ್ಲೋರೋಫಾರ್ಮ್ 0.2 ಮಿ.ಲೀ.; 4 ಡಿಗ್ರಿಯಲ್ಲಿ ಗುರುತ್ವದ 12,000 ಪಟ್ಟು ಬಲದಲ್ಲಿ 15 ನಿಮಿಷ ತಿರುಗಿಸಿ. ಮೇಲಿನ ತಿಳಿಯನ್ನು ಮಾತ್ರ ಎತ್ತಿ, ನಡುವಿನ ಬಿಳಿ ಪದರ ಮುಟ್ಟಬೇಡಿ. ಐಸೋಪ್ರೊಪನಾಲ್‌ನಿಂದ ಇಳಿಸಿ, 75% ಎಥನಾಲ್‌ನಲ್ಲಿ ತೊಳೆಯಿರಿ. ಶುದ್ಧತೆ ತೋರಿಸುವ 260/280 ಬೆಳಕಿನ ಅನುಪಾತ 2.0ರ ಸುತ್ತ ಇರಬೇಕು. 1 ಮೈಕ್ರೋಗ್ರಾಂ ಆರ್‌ಎನ್‌ಎಗೆ ಉಳಿದ ಡಿಎನ್‌ಎಯನ್ನು ಕೆಡವುವ ಡಿಎನ್‌ಏಸ್ 1 ಯೂನಿಟ್, ಕೋಣೆಯ ಉಷ್ಣತೆಯಲ್ಲಿ 15 ನಿಮಿಷ, ಇಡಿಟಿಎ ಸೇರಿಸಿ 65 ಡಿಗ್ರಿಯಲ್ಲಿ 10 ನಿಮಿಷ. ಆಮೇಲೆ ಸಿಡಿಎನ್‌ಎ, ಅಂದರೆ ಆರ್‌ಎನ್‌ಎಯ ಡಿಎನ್‌ಎ ಪ್ರತಿ, ಮಾಡಿ; ಅದನ್ನು ಮಾಡುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಕೊಳವೆಯನ್ನು ಜೊತೆಗಿಡಿ.

ಪಿಸಿಆರ್ ನಕಲಿಗೆ ಎರಡು ತುದಿಯಲ್ಲಿ ಆರಂಭ ಕೊಡುವ ಚಿಕ್ಕ ಎಳೆಗಳು ಪ್ರೈಮರುಗಳು; ಮುಂದಿನ ಪ್ರೈಮರ್ ಪಕ್ವ ಎಂಆರ್‌ಎನ್‌ಎಯ 60ನೇ ಅಕ್ಷರದಲ್ಲಿ ಶುರುವಾಗಲಿ, ಹಿಂದಿನದು 260ರಲ್ಲಿ. ಎಕ್ಸಾನ್ 1 ಮುಗಿಯುವುದು 142ರಲ್ಲಿ. ಆಗ ನಿರೀಕ್ಷಿಸಬೇಕಾದ ಉದ್ದಗಳು: ಸರಿಯಾದ ಜೋಡಣೆ 201, 38 ಹಿಂದಿನ ಜಾಗ 163, 16 ಹಿಂದಿನದು 185, ಇಂಟ್ರಾನಿನ 13ನೆಯದು 213, 110ರ ದೋಷ 220, ಇಂಟ್ರಾನ್ ಪೂರ್ತಿ ಉಳಿದರೆ 331. ಪ್ರೈಮರನ್ನು 110ರ ಸುತ್ತ ಇಟ್ಟರೆ 38 ಹಿಂದಿನ ಜಾಗದ ಉತ್ಪನ್ನ ಕಾಣುವುದೇ ಇಲ್ಲ, ಏಕೆಂದರೆ ಪ್ರೈಮರ್ ಕೂರಬೇಕಾದ ಜಾಗವೇ ಅದರಲ್ಲಿ ಕತ್ತರಿಸಿ ಹೋಗಿರುತ್ತದೆ.

201 ಮತ್ತು 213ನ್ನು 1% ಅಗರೋಸ್ ಬೇರ್ಪಡಿಸಲಾರದು. 8% ಪಾಲಿಅಕ್ರಿಲಮೈಡ್ ಬೇಕು. ಜೆಲ್‌ನಲ್ಲಿ 331ರ ಪಟ್ಟಿ (ಬ್ಯಾಂಡ್) ಕಂಡರೆ ಸಂಭ್ರಮಿಸುವ ಮುನ್ನ ಕಿಣ್ವ ಹಾಕದ ಕೊಳವೆಯನ್ನು ನೋಡಿ: ಅಲ್ಲೂ ಇದ್ದರೆ ಅದು ಉಳಿದುಹೋದ ಡಿಎನ್‌ಎ, ಉಳಿದುಹೋದ ಇಂಟ್ರಾನ್ ಅಲ್ಲ.

ಎಲ್ಲಕ್ಕಿಂತ ಮೋಸ ಮಾಡುವುದು ನೆರೆಯ ಡೆಲ್ಟಾ ಗ್ಲೋಬಿನ್ ಜೀನು. ಅಕ್ಷರಗಳು ಬಹುಪಾಲು ಬೀಟಾದವೇ, ಎಕ್ಸಾನ್ ಉದ್ದವೂ ಅದೇ. ಪ್ರೈಮರಿನ 3ರ ತುದಿ ಬೀಟಾ ಮತ್ತು ಡೆಲ್ಟಾ ಭಿನ್ನವಾಗುವ ಅಕ್ಷರದ ಮೇಲೆ ಕೂರದಿದ್ದರೆ, ಬೀಟಾ ಪೂರ್ತಿ ಕೆಟ್ಟಿರುವ ರೋಗಿಯಲ್ಲೂ 201ರ ಚೆಂದದ ಪಟ್ಟಿ ಕಾಣುತ್ತದೆ. ಪಟ್ಟಿಯೇ ಕಾಣದಿದ್ದರೆ ಇನ್ನೊಂದು ಕಾರಣ ಹೆಜ್ಜೆ 6ರ ತಪಾಸಣೆ: ತಪ್ಪು ಆರ್‌ಎನ್‌ಎ ತಯಾರಾಗಿದ್ದೂ ನಾಶವಾಗಿರಬಹುದು. ಜೀನಿನ ತುಂಡನ್ನು ಬೆಳೆಸಿದ ಕೋಶಗಳಿಗೆ ಹಾಕಿ ಮಾಡುವ ಪ್ರಯೋಗದಲ್ಲಾದರೆ, ಕೋಶ ಒಡೆಯುವ ನಾಲ್ಕು ಗಂಟೆ ಮುಂಚೆ ಮಿ.ಲೀ.ಗೆ 100 ಮೈಕ್ರೋಗ್ರಾಂ ಸೈಕ್ಲೋಹೆಕ್ಸಿಮೈಡ್ ಹಾಕಿ ಓದನ್ನೇ ತಡೆದರೆ ಆ ಪಟ್ಟಿಗಳು ಮೇಲೆದ್ದು ಬರುತ್ತವೆ. ಒಂದೊಂದು ಪಟ್ಟಿಯನ್ನೂ ಜೆಲ್‌ನಿಂದ ಕೊಯ್ದು ಸೀಕ್ವೆನ್ಸ್ ಮಾಡಿಸಿ, ಬಂದ ಅಕ್ಷರಗಳನ್ನು ನಿಮ್ಮ ಪೆನ್ಸಿಲ್ ಹಾಳೆಯ ಪಕ್ಕ ಇಟ್ಟು ಸಂಧಿಯನ್ನು ಓದಿ.